ಊದುವ ಮಷಿನ್ನಿಗೆ ಸ್ಪಿರಿಟ್ ಸ್ನಾನ

ಅಕ್ಕಿಆಲೂರಿನಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ ಇದೆ. ಶಾಲೆಗೆ ಹೋದದ್ದು ಕಡಿಮೆ, ಹೋದಾಗಲೂ ಬಾಗಿಲ ಹೊರಗೆ ನಿಂತದ್ದೇ ಜಾಸ್ತಿ. ಆದರೂ ಎದೆ ತಟ್ಟಿ ಹೇಳುತ್ತೇನೆ: ಕರೆಂಟಿನ ಯಾವ ವಸ್ತುವೂ ನನ್ನ ಕೈಗೆ ಬಂದ ಮೇಲೆ ಕೆಟ್ಟದ್ದಿಲ್ಲ. ಆ ದಿನದವರೆಗೆ!

ಗೆಳೆಯ ಬಸ್ಯಾ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ವಿಪರೀತ ಕುಡಿಯುತ್ತಿದ್ದ. ಹೆಂಡತಿ ರತ್ನಾ ಬೇಸತ್ತು ಹುಲಗೂರಿನ ತವರಿಗೆ ಹೋದಳು. ಅಂದೇ ಇವನು ಕುಡಿತ ಬಿಟ್ಟ. ಖರೇನೇ ಬಿಟ್ಟ. ಆದರೆ ಮೊದಲೂ ಎಷ್ಟೋ ಸಲ ಬಿಟ್ಟಿದ್ದನಾದ್ದರಿಂದ ಯಾರೂ ನಂಬಲಿಲ್ಲ. ಕೊನೆಗೆ ಅವನ ಮಾವ ಗದಿಗೆಪ್ಪ ಕಾಕಾ ಫೋನಿನಲ್ಲಿ ತೀರ್ಪು ಕೊಟ್ಟರು.

“ಪೊಲೀಸ್ರು ಊದಸ್ತಾರಲ್ಲ, ಆ ಮಷಿನ್ ತಗೊಂಡ್ ಬರ್ರಿ. ನಮ್ಮ ಮುಂದ ಊದ್ರಿ. ಸೊನ್ನೆ ಬಂದ್ರ ಮಗಳನ್ನ ಕಳಸ್ತೇನಿ. ಬರಲಿಲ್ಲಂದ್ರ ಇನ್ನ ಈ ಕಡೆ ಮುಖಾ ತೋರಸಬ್ಯಾಡ್ರಿ.”

ಮಷಿನ್ ತರಿಸುವ ಹೊಣೆ ನಾನು ಹೊತ್ತೆ. ಮಷಿನ್ ಬಂದ ಡಬ್ಬಿಯೊಳಗೆ ಮಡಚಿದ ಇಂಗ್ಲಿಷ್ ಕಾಗದವೊಂದಿತ್ತು. ಅದನ್ನು ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟೆ. ಮೆಕ್ಯಾನಿಕ್ಕಿಗೆ ಕಾಗದ ಯಾಕೆ?

ಹೊರಡುವ ದಿನ ಬಸ್ಯಾ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಮದುಮಗನಂತೆ ನನ್ನ ಬೈಕಿನ ಹತ್ತಿರ ನಿಂತಿದ್ದ.

“ಲಗೂ ನಡಿಯೋ ಪಕ್ಕೀರಾ!”

“ತಡಿ. ಮೊದ್ಲ ಕಾಂಟ್ಯಾಕ್ಟ್ ಕ್ಲೀನ್ ಮಾಡಬೇಕು.”

ಇದು ನಮ್ಮ ಕಸುಬಿನ ಧರ್ಮ. ಯಾವ ಕೆಲಸಕ್ಕೂ ಮೊದಲು ಕರೆಂಟ್ ಕೂಡುವ ಜಾಗಕ್ಕೆ ಸ್ಪಿರಿಟ್ ಹಚ್ಚಿ ಒರೆಸಬೇಕು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಊದುವ ತೂತನ್ನು ತಿಕ್ಕಿದೆ. ಗೆಳೆಯನ ಸಂಸಾರದ ಪ್ರಶ್ನೆ, ಜಿಪುಣತನ ಯಾಕೆಂದು ಒಳಗೂ ಸ್ವಲ್ಪ ಸುರಿದೆ.

ಬಸ್ಯಾ ಮೂಗು ಅರಳಿಸಿದ. “ಇದರ ವಾಸನಿ ಒಂಥರಾ ಪರಿಚಯದ್ದೈತಲ್ಲೋ!”

“ಹುಚ್ಚಾ, ಇದು ಸ್ಪಿರಿಟ್. ಬಾಟಲಿ ಮ್ಯಾಲೆ ವಿಷ ಅಂತ ಬರದೈತಿ. ವಿಷ ಕುಡಿಯೂ ಸೆರೆ ಹೆಂಗ ಆಗತೈತಿ?”

ತರ್ಕ ಎಂದರೆ ಇದು! ಧೂಳು ಹೋಗಬಾರದೆಂದು ಮಷಿನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಬಿಗಿದೆ. ಹೊರಟೆವು.

ಹುಲಗೂರಿನ ಪಡಸಾಲೆಯಲ್ಲಿ ಸಭೆಯೇ ಕೂತಿತ್ತು. ಗದಿಗೆಪ್ಪ ಕಾಕಾ ಕಂಬಕ್ಕೆ ಒರಗಿದ್ದರು. ಬಸ್ಯಾನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ರತ್ನಾ ಅವಳ ಹಿಂದೆ. ಚೀಲ ಬಿಚ್ಚಿ ಮಷಿನ್ನನ್ನು ಎರಡೂ ಕೈಯಿಂದ ಬಸ್ಯಾನಿಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ ಊದಿದ.

ಕುಂಯ್ ಕುಂಯ್ ಕುಂಯ್! ಪರದೆ ಕೆಂಪಾಯಿತು. ಅಂಕಿ ಏರಿತು, ಇನ್ನೂ ಏರಿತು, ಮುಂದೆ ಜಾಗ ಸಾಲದೆ ನಿಂತಿತು.

ರತ್ನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಯಾನ ಮುಖ ಬೂದಿಯಾಯಿತು.

“ನಾ ಒಂದು ಹನಿ ಮುಟ್ಟಿಲ್ಲರಿ ಮಾವಾರ!”

“ಮಷಿನ್ ಸುಳ್ ಹೇಳತೈತೇನು?” ಎಂದರು ಕಾಕಾ.

“ಹೇಳತೈತ್ರಿ!” ಎಂದು ನಾನು ಜಿಗಿದೆ. “ನೋಡ್ರಿ, ನಾ ಹುಟ್ಟಿದಾಗಿಂದ ಕುಡದಿಲ್ಲ. ಈಗ ಊದ್ತೇನಿ.”

ಊದಿದೆ. ಕುಂಯ್ ಕುಂಯ್!

“ಇಬ್ರೂ ಕೂಡೇ ಕುಡದ್ ಬಂದಾರ,” ಎಂದಳು ಅತ್ತೆ.

ಸುಮ್ಮನಿದ್ದರೆ ನಾನು ಪಕ್ಕೀರ ಹೇಗಾದೇನು? ಮಷಿನ್ನನ್ನು ಕಾಕಾನ ಬಾಯಿಗೇ ಹಿಡಿದೆ. “ನೀವ ಊದ್ರಿ ಕಾಕಾ! ನೀವು ಶರಣರು. ಖರೆ ಖೊಟ್ಟಿ ತಿಳೀತೈತಿ!”

ಕೊರಳಲ್ಲಿ ಲಿಂಗ ಕಟ್ಟಿದ, ಹಣೆ ತುಂಬ ವಿಭೂತಿ ಬಳಿದ ಗದಿಗೆಪ್ಪ ಕಾಕಾ ಊದಿದರು. ಕುಂಯ್ ಕುಂಯ್!

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಓಹೋ! ದಿನಾ ಸಂಜೀಕ ಹೊಲಕ್ಕ ಹೋಗೂದು ಇದಕ್ಕೇನು?”

“ಏ, ಲಿಂಗದ ಆಣಿ ಐತಿ...”

“ಆಣಿ ಇಟ್ಟವರೆಲ್ಲಾ ಹಿಂಗ ಇರತಾರ!”

ಒಬ್ಬರ ಸಂಸಾರ ಜೋಡಿಸಲು ಹೋಗಿ ಎರಡು ಸಂಸಾರ ಮುರಿಯುವ ಹಂತಕ್ಕೆ ತಂದಿದ್ದೆ. ಆಗ ರತ್ನಾಳ ತಂಗಿ ಕಾವೇರಿ ಎದ್ದು ಬಂದಳು. ಶಿಗ್ಗಾಂವಿಯಲ್ಲಿ ಕಾಲೇಜು ಓದುವ ಹುಡುಗಿ. ಮಷಿನ್ನನ್ನು ಮೂಸಿ ನೋಡಿದಳು.

“ಪಕ್ಕೀರಣ್ಣಾ, ಇದಕ್ಕೇನ್ ಹಚ್ಚೀದಿ?”

“ಸ್ಪಿರಿಟ್. ಕ್ಲೀನ್ ಮಾಡಾಕ.”

ಅವಳು ಹಣೆ ಬಡಿದುಕೊಂಡಳು. “ಅಣ್ಣಾ, ಒಳಗ ಪ್ಲಾಟಿನಂ ಸವರಿದ ತಗಡು ಇರತೈತಿ. ಆಲ್ಕೋಹಾಲ್ ಅದರ ಮ್ಯಾಲೆ ಕುಂತ ಕೂಡ್ಲೇ ಒಡದು ಎಲೆಕ್ಟ್ರಾನ್ ಬಿಡತೈತಿ. ಉರಿ ಇಲ್ಲದ ಉರದಂಗ. ಆ ಎಲೆಕ್ಟ್ರಾನ್ ವೈರಿನ್ಯಾಗ ಹರದ್ರ ಕರೆಂಟ್. ಕರೆಂಟ್ ಎಷ್ಟೋ ಅಂಕಿ ಅಷ್ಟು.”

“ಸೆರೆಯಿಂದ ಕರೆಂಟ?” ನನ್ನ ಬಾಯಿ ತೆರೆದೇ ಉಳಿಯಿತು. ಹಾಗಾದರೆ ಕರೆಂಟ್ ಹೋದಾಗ ನಮ್ಮೂರ ಕೆಲವು ಗಣ್ಯರನ್ನು ಸಾಲಾಗಿ ನಿಲ್ಲಿಸಿದರೆ ಬೀದಿ ದೀಪ ಹತ್ತೀತು! “ಆದ್ರ ನಾ ಹಚ್ಚಿದ್ದು ಸ್ಪಿರಿಟ್, ಸೆರೆ ಅಲ್ಲ.”

“ಸೆರೆ, ಸ್ಪಿರಿಟ್, ಸ್ಯಾನಿಟೈಜರ್, ಎಲ್ಲಾದ್ರಾಗೂ ಇರೂದು ಒಂದ ಮನಿತನದ ಸಣ್ಣ ಸಣ್ಣ ಆಲ್ಕೋಹಾಲ್. ಆ ತಗಡಿಗೆ ಅಣ್ಣ ಯಾರು, ತಮ್ಮ ಯಾರು ಗೊತ್ತಾಗಂಗಿಲ್ಲ. ಮ್ಯಾಲೆ ಕುಂತಿದ್ದೆಲ್ಲಾ ಉರದು ಹೋಗೂತನಕ ಕಾಯಬೇಕು. ಗಾಳಿಗೆ ಇಡ್ರಿ. ಯಾರೂ ಮುಟ್ಟಬ್ಯಾಡ್ರಿ.”

ಕಾಕಾ ಉಸಿರು ಬಿಟ್ಟರು. ಅತ್ತೆ ಸೆರಗು ಇಳಿಸಿದಳು. ಒಳಗಿನ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಮಷಿನ್ ಕಟ್ಟೆಯ ಮೇಲೆ ಗಾಳಿ ಸೇವಿಸತೊಡಗಿತು. ಎಲ್ಲರೂ ಕಾಯುತ್ತ ಕೂತರು.

ನನಗೆ ಸುಮ್ಮನೆ ಕೂತರೆ ಮೈಮೇಲೆ ಇರುವೆ ಬಿಟ್ಟಂತೆ. ಎದ್ದೆ, ಕೂತೆ. ಮಷಿನ್ನಿನ ಗುಂಡಿ ಒತ್ತಿದೆ. ಕುಂಯ್! ಕಾವೇರಿ ಬೈದಳು. ಮತ್ತೆ ಎದ್ದೆ. ಬಸ್ಯಾ ಮಾತ್ರ ಆ ತೆರೆದ ಬಾಗಿಲ ಸಂದನ್ನೇ ನೋಡುತ್ತ ಅಲ್ಲಾಡದೆ ಕೂತಿದ್ದ. ಅವನ ಮುಖ ನೋಡಲಾಗಲಿಲ್ಲ.

“ಕಾವೇರಿ, ಬಿಸಿ ಮಾಡಿದ್ರ ಲಗೂ ಉರೀತೈತೇನು?”

“ಬಿಸಿ ಮಾಡಿದ್ರ ಲಗೂ ಅಂತ ಬುಕ್ಕಿನ್ಯಾಗ ಐತಿ, ಆದ್ರ...”

“ಆದ್ರ” ಕೇಳಲು ನಾನು ಅಲ್ಲಿರಲೇ ಇಲ್ಲ. ಅಡುಗೆಮನೆಯಲ್ಲಿದ್ದೆ. ರೊಟ್ಟಿ ಬೇಯಿಸಿದ ಹಂಚು ಇನ್ನೂ ಒಲೆಯ ಮೇಲೆ ಕಾಯುತ್ತಲೇ ಇತ್ತು. ಅದರ ಮೇಲೆ ಮಷಿನ್ನನ್ನು ಮೆಲ್ಲಗೆ ಇಟ್ಟೆ. ಮೊದಲು ಹೊಗೆ ಬಂತು. ಆಮೇಲೆ ವಾಸನೆ. ಆಮೇಲೆ ಮಷಿನ್ ಹಂಚಿನ ಮೇಲೆ ದೋಸೆಯಂತೆ ಹರಡಿಕೊಂಡಿತು.

“ನನ್ನ ಹಂಚು!” ಎಂದು ಅತ್ತೆ ಚೀರಿದಳು.

ಇಕ್ಕಳದಲ್ಲಿ ಅದನ್ನು ಎತ್ತಿ ಹೊರಗೆ ತಂದೆ. ಊದಲು ತೂತೇ ಇರಲಿಲ್ಲ. ಬಸ್ಯಾ ಒಮ್ಮೆ ಮಷಿನ್ ನೋಡಿದ, ಒಮ್ಮೆ ನನ್ನ ನೋಡಿದ. ಕೈ ಮುಷ್ಟಿಯಾಯಿತು. ಮತ್ತೆ ಬಿಚ್ಚಿಕೊಂಡಿತು. ತಲೆ ತಗ್ಗಿಸಿ ಕೂತ.

ಆಗ ರತ್ನಾ ಹೊರಗೆ ಬಂದಳು.

“ಅಪ್ಪಾ, ಇನ್ನ ಊದೂದು ಬ್ಯಾಡ. ಕುಡದಿದ್ರ ಇವರು ಇಷ್ಟೊತ್ತಿಗೆ ಪಕ್ಕೀರಣ್ಣನ ಚರ್ಮಾ ಸುಲೀತಿದ್ರು. ಇಂಥಾ ಕಿತಾಪತಿ ನೋಡೀನೂ ಸುಮ್ಮ ಕುಂತಾರಂದ್ರ ಖರೇನ ಬಿಟ್ಟಾರ. ನಾ ಹೋಗ್ತೇನಿ.”

ಗದಿಗೆಪ್ಪ ಕಾಕಾ ಅಳಿಯನ ಕಡೆ ತಿರುಗಿದರು. “ಹೌದು. ಈ ಪಕ್ಕೀರನ ಜೋಡಿ ಇಷ್ಟ್ ತಾಸು ಶಾಂತ ಇರೂದು ನನ್ನ ಕೈಲೂ ಆಗಂಗಿಲ್ಲ,” ಎಂದರು.

ಊಟವಾಯಿತು. ಗಂಡ ಹೆಂಡತಿಗೆ ನನ್ನ ಬೈಕ್ ಬಿಟ್ಟುಕೊಟ್ಟೆ, ನಾನು ಬಸ್ಸಿಗೆ ಬರುವುದೆಂದಾಯಿತು. ರತ್ನಾ ಚೀಲ ಹಿಡಿದು ಹಿಂದೆ ಕೂತಳು. ಬಸ್ಯಾ ಗಾಡಿ ಚಾಲೂ ಮಾಡದೆ ಇಳಿದ.

“ಪಕ್ಕೀರಾ, ಇಲ್ಲೆ ಬಾ.”

ಅಪ್ಪಿಕೊಳ್ಳುತ್ತಾನೆಂದು ಕಣ್ಣು ತುಂಬಿಕೊಂಡು ಹೋದೆ.

“ಈಗ ಆಕಿ ಒಪ್ಯಾಳಲ್ಲ?” ಎಂದ.

“ಒಪ್ಯಾಳೋ ದೋಸ್ತ.”

ದಬ್!

ಕುಡಿಯುತ್ತಿದ್ದ ಕಾಲದಲ್ಲಿ ಅವನು ಬೀಸಿದ ಕೈ ಹತ್ತಕ್ಕೆ ಎಂಟು ಸಲ ಗಾಳಿಗೇ ಹೋಗುತ್ತಿತ್ತು. ಅಂದು ನೇರ ನಡುಬೆನ್ನಿಗೆ ಬಿತ್ತು. ಬಸ್ಯಾ ಕುಡಿತ ಬಿಟ್ಟದ್ದಕ್ಕೆ ನನ್ನಷ್ಟು ಗಟ್ಟಿ ಸಾಕ್ಷಿ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಒರಗಲು ಮಾತ್ರ ಆಗಲಿಲ್ಲ!