ಜಿಂಕೆ ಬಿದ್ದ ಜಾಗ

ಎಲೆ ಉದುರುವ ಕಾಲದ ಒಂದು ಸಂಜೆ ಲೊರೇನ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ಜಿಂಕೆ ಮಾಂಸ ಆಗಿದ್ರೆ ಒಂದು ತುತ್ತು ಇಳೀತಿತ್ತೇನೋ" ಅಂದಳು. ಅಷ್ಟೇ ಅಂದದ್ದು. ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳ ಗಂಡ ಮರ್ಲ್ ಸ್ಟಾಫರ್ ಮಾರನೆಯ ಬೆಳಿಗ್ಗೆಯೇ ಅಡ್ಡಬಿಲ್ಲು ಹೆಗಲಿಗೇರಿಸಿ ಮನೆಯ ಹಿಂದಿನ ಕಾಡು ಸೇರಿದ.

ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಜಿಂಕೆ ಹೊಡೆಯದ ಗಂಡಸೆಂದರೆ ಈಜು ಬಾರದ ಬಾತುಕೋಳಿ ಇದ್ದಹಾಗೆ. ಮರ್ಲ್ ಅಂಥದೊಂದು ಬಾತುಕೋಳಿ. ಬಂದೂಕು ಹಿಡಿದರೆ ಸದ್ದಿಗೆ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಭುಜ ಕೆಟ್ಟಿದ್ದರಿಂದ ಸಾದಾ ಬಿಲ್ಲನ್ನು ಎಳೆಯುವಂತಿರಲಿಲ್ಲ. ಉಳಿದದ್ದು ಅಡ್ಡಬಿಲ್ಲು. ಬಂದೂಕಿನಂಥ ಹಿಡಿ, ಅದರ ಮೂತಿಗೆ ಅಡ್ಡಲಾಗಿ ಬಿಲ್ಲು. ಒಂದು ಹಗ್ಗ ಸಿಕ್ಕಿಸಿ ಬಿಲ್ಲಿನ ನಾಣನ್ನು ಹಿಂದಕ್ಕೆಳೆದು ಹೂಡಿ, ಬಂದೂಕಿನ ಹಾಗೇ ಬೆರಳಿನಿಂದ ಕುದುರೆ ಎಳೆದರೆ ಬಾಣ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬುದು ಹೊಡೆದವನ ಪುಣ್ಯಕ್ಕೆ ಬಿಟ್ಟದ್ದು.

ಆದರೆ ಕೂರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಳಕು ಹರಿಯುವ ಮೊದಲು ಓಕ್ ಮರದ ಅಟ್ಟಣಿಗೆ ಏರಿದರೆ ಕತ್ತಲಾದಮೇಲೆ ಇಳಿಯುತ್ತಿದ್ದ. ಎಲೆ ಉದುರಿತು, ಹಿಮ ಬಿತ್ತು, ಕ್ರಿಸ್ಮಸ್ ಬಂದು ಹೋಯಿತು. ಜಿಂಕೆಗಳೂ ಬಂದು ಹೋದವು. ಒಂದು ಬಂದಾಗ ಇವನಿಗೆ ಸೀನು ಬಂತು, ಇನ್ನೊಂದು ಬಂದಾಗ ಬಾಣ ಹೂಡಿರಲಿಲ್ಲ, ಮತ್ತೊಂದು ಬಂದಾಗ ನಿದ್ದೆ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಎಷ್ಟು ತಾಳಬೇಕೆಂದು ಮಾತ್ರ ಯಾರೂ ಹೇಳಿಟ್ಟಿಲ್ಲ. ಮನೆಯಲ್ಲಿ ಲೊರೇನ್‌ಳ ಮಣಿಕಟ್ಟು ವಾರದಿಂದ ವಾರಕ್ಕೆ ತೆಳ್ಳಗಾಗುತ್ತಿತ್ತು, ಮರ್ಲ್‌ಗೆ ಅದೊಂದೇ ಕಣ್ಣ ಮುಂದೆ.

ಹೀಗೆ ಬೇಟೆಗಾಲದ ಕೊನೆಯ ದಿನ ಬಂತು. ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಮರದ ಎದುರಿಗೇ, ಬೇಲಿಯ ಹತ್ತಿರ ಬಂದು ನಿಂತಿತು. ಮರ್ಲ್ ಉಸಿರು ಬಿಗಿಹಿಡಿದ. ಬಾಣ ಹೋಯಿತು. ಜಿಂಕೆ ಚಂಗನೆ ನೆಗೆದು, ಬೇಲಿ ಹಾರಿ, ಆಚೆ ಬದಿಯ ಮುದಿ ಸೇಬಿನ ಮರಗಳ ಕೆಳಗೆ, ಒಣಹುಲ್ಲಿನಲ್ಲಿ ಬಿತ್ತು. ಮರ್ಲ್ ಅಟ್ಟಣಿಗೆಯ ಮೇಲೆಯೇ ಒಂದೆರಡು ನಿಮಿಷ ಅತ್ತ. ಆಮೇಲೆ ಇಳಿದು ಬೇಲಿಯ ತನಕ ಓಡಿ, ಅಲ್ಲಿ ಗಕ್ಕನೆ ನಿಂತ.

ಬೇಲಿ ಅವನ ಅಣ್ಣ ಡ್ವೈಟ್‌ನದು. ಸೇಬಿನ ಮರಗಳಿದ್ದ ಆ ಪಟ್ಟಿ ಅಪ್ಪ ಸತ್ತಂದಿನಿಂದ ಇಬ್ಬರ ನಡುವಿನ ಜಗಳ. ನನ್ನದು ಎಂದು ಡ್ವೈಟ್ ಬೇಲಿ ಹಾಕಿದ್ದ, ನನ್ನದು ಎಂದು ಮರ್ಲ್ ವಕೀಲನನ್ನು ಹಿಡಿದಿದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನಮ್ಮ ಕಡೆ ಕಾನೂನು ಏನೆಂದರೆ, ಹೊಡೆದ ಜಿಂಕೆ ಬೇರೆಯವರ ಜಾಗದಲ್ಲಿ ಬಿದ್ದರೆ ಅವರ ಅಪ್ಪಣೆ ಇಲ್ಲದೆ ಕಾಲಿಡುವ ಹಾಗಿಲ್ಲ. ಅಪ್ಪಣೆ ಕೇಳಿದರೆ ಜಾಗ ಅವನದೆಂದು ಒಪ್ಪಿದ ಹಾಗೆ. ಕೇಳದೆ ಹೋದರೆ ಅವನು ಬೇಟೆಯ ಕಾನೂನು ಕಾಯುವ ವಾರ್ಡನ್‌ನನ್ನು ಕರೆಸುತ್ತಾನೆ. ಮರ್ಲ್‌ಗೆ ಅತ್ತ ದರಿ, ಇತ್ತ ಪುಲಿ.

"ಬಿತ್ತು ಬಿತ್ತು, ನಾನು ಕಿಟಕಿಯಿಂದ ನೋಡ್ದೆ," ಎನ್ನುತ್ತ ಎದುರು ಮನೆಯ ಬರ್ನಿಸ್ ದುರ್ಬೀನು ನೇತುಹಾಕಿಕೊಂಡು, ಕಾಫಿ ಫ್ಲಾಸ್ಕ್ ಹಿಡಿದು ಹಿಮ ತುಳಿಯುತ್ತ ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು; ಊರಿನವರೆಲ್ಲ ಇನ್ನೂ ತನ್ನ ಬಸ್ಸಿನಲ್ಲೇ ಕೂತಿದ್ದಾರೆಂದು ಅವಳ ನಂಬಿಕೆ. "ಕ್ಲೈಡ್‌ಗೂ ಫೋನ್ ಮಾಡಿದೀನಿ."

"ಅವನಿಗ್ಯಾಕೆ ಮಾಡ್ದೆ?"

"ನಿಂಗೇನು ಗೊತ್ತಾಗತ್ತೆ? ಅವನಾದ್ರೆ ತಿಳಿದೋನು."

ತಿಳಿದವನು ಬಂದ. ಕ್ಲೈಡ್ ಊರಿನ ಕ್ಷೌರಿಕ. ಅವನ ಅಂಗಡಿಯ ಗೋಡೆಯ ತುಂಬ ಕೊಂಬಿನ ತಲೆಗಳು. ಕೆಳಗೆ ಕೂತವರ ತಲೆಗಿಂತ ಅವುಗಳ ಮೇಲೆ ಅವನಿಗೆ ಗೌರವ ಹೆಚ್ಚು. ಬೇಲಿಗೆ ಕೈಯಿಟ್ಟು ದೂರದ ಹುಲ್ಲಿನೊಳಗೆ ಕಾಣುತ್ತಿದ್ದ ಕಂದು ಬೆನ್ನನ್ನು ನೋಡಿ ಪಿಸುಮಾತಿನಲ್ಲಿ ಹೇಳಿದ: "ಕಾಯ್ಬೇಕು. ಈಗ ಹತ್ರ ಹೋದ್ರೆ ಗಾಯದಲ್ಲೇ ಎದ್ದು ಗುಡ್ಡ ಹತ್ತತ್ತೆ, ಆಮೇಲೆ ನಿಂಗೆ ಸಿಗೋದು ಮೂಳೆ."

"ಸತ್ತಿದೆ ಅದು," ಬರ್ನಿಸ್ ದುರ್ಬೀನಿನಲ್ಲಿ ನೋಡಿದಳು. "ಕಿವಿ ಅಲ್ಲಾಡ್ತಿಲ್ಲ."

"ನಿನ್ ಗಂಡನ ಕಿವೀನೂ ಅಲ್ಲಾಡಲ್ಲ. ಅವನು ಸತ್ತಿದಾನಾ?"

"ಹೇಳೋಕಾಗಲ್ಲ," ಅಂದಳು ಬರ್ನಿಸ್.

ಕಾದರು. ಕಾಫಿ ಮುಗಿಯಿತು. ಅಷ್ಟರಲ್ಲಿ ಆಚೆ ಬದಿಯ ಮನೆಯ ಬಾಗಿಲು ತೆರೆದು ಡ್ವೈಟ್ ಹೊರಬಂದ. ಇವರನ್ನು ನೋಡಿದ, ಜಿಂಕೆಯನ್ನು ನೋಡಿದ, ಒಳಗೆ ಹೋದ. ಮತ್ತೆ ಬಂದಾಗ ಕೈಯಲ್ಲಿ ಕುರ್ಚಿ ಇತ್ತು, ಹೆಗಲ ಮೇಲೆ ಕಂಬಳಿ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ಕಾಲ ಮೇಲೆ ಕಾಲು ಹಾಕಿ ಕೂತ. ಕೂರುವ ವಿದ್ಯೆ ಆ ಮನೆತನದ ಆಸ್ತಿ. ಅದೊಂದನ್ನು ಮಾತ್ರ ಜಗಳವಿಲ್ಲದೆ ಹಂಚಿಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಮರ್ಲ್‌ನ ಪಾದಗಳು ಮರಗಟ್ಟಿದವು. "ನಾನು ದಾಟ್ತೀನಿ. ಏನಾಗತ್ತೋ ಆಗ್ಲಿ."

"ದಾಟು," ಕ್ಲೈಡ್ ಅಂದ. "ಬಿಲ್ಲು ಹೋಗತ್ತೆ, ಲೈಸೆನ್ಸು ಹೋಗತ್ತೆ, ಜಿಂಕೇನ ವಾರ್ಡನ್ ಎತ್ಕೊಂಡು ಹೋಗ್ತಾನೆ. ಲೊರೇನ್‌ಗೆ ಏನು ಕೊಡ್ತೀಯ? ಹುಲ್ಲಾ?"

"ಹಾಗಾದ್ರೆ ಕೇಳಿಬಿಡೋ ಮಾರಾಯ," ಬರ್ನಿಸ್ ಗದರಿದಳು. "ಬಾಯಿ ಸವೆಯತ್ತಾ?"

"ನಿಮ್ಮಿಬ್ರ ಮುಂದೆ ಕೇಳಿದ್ರೆ ಕೋರ್ಟಲ್ಲಿ ನೀವೇ ಸಾಕ್ಷಿ ಆಗ್ತೀರ."

"ಕರೆದ್ರೆ ಹೋಗ್ಲೇಬೇಕಲ್ಲ," ಅಂದ ಕ್ಲೈಡ್, ಬೇಸರವೇನೂ ಇಲ್ಲದ ದನಿಯಲ್ಲಿ.

ಕೊನೆಗೆ ಬರ್ನಿಸ್ ರಾಯಭಾರಕ್ಕೆ ಹೊರಟಳು. ರಸ್ತೆ ಸುತ್ತಿ ಡ್ವೈಟ್‌ನ ಜಗಲಿ ಏರಿ, ಅವನ ಕಾಫಿ ಕುಡಿದು, ನಿಧಾನವಾಗಿ ವಾಪಸು ಬಂದಳು. "ಜಿಂಕೆ ಅವನಿಗೆ ಬೇಡ್ವಂತೆ. 'ಡ್ವೈಟ್, ನಿನ್ ಜಾಗಕ್ಕೆ ಬರೋಕೆ ಅಪ್ಪಣೆ ಕೊಡು' ಅಂತ ನೀನೇ ಕೇಳ್ಬೇಕಂತೆ. ಗಟ್ಟಿಯಾಗಿ. ಅವನಿಗೆ ಕಿವಿ ಸ್ವಲ್ಪ ಮಂದ ಆಗಿದೆಯಂತೆ."

"'ಜಿಂಕೆ ಬಿದ್ದ ಜಾಗಕ್ಕೆ' ಅಂತೀನಿ. 'ನಿನ್ ಜಾಗ' ಅನ್ನಲ್ಲ. ಹೇಳು ಅವನಿಗೆ."

ಬರ್ನಿಸ್ ಮತ್ತೆ ಸುತ್ತಿ ಹೋದಳು, ಮತ್ತೆ ಬಂದಳು. ಈ ಸಲ ಅವಳ ತುಟಿಯ ಮೇಲೆ ಕೇಕಿನ ಪುಡಿಯಿತ್ತು. "ಆಗಲ್ವಂತೆ."

ಹೊತ್ತು ವಾಲಿತು. ಕತ್ತಲಾದರೆ ಕಾಡುನಾಯಿಗಳು ಬರುತ್ತವೆ. ಬೆಳಗಾಗುವುದರೊಳಗೆ ಚರ್ಮವೂ ಉಳಿಯುವುದಿಲ್ಲ. ಮರ್ಲ್ ಸೇಬಿನ ಮರಗಳನ್ನು ನೋಡಿದ. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಣ್ಣು ಕೀಳಿಸುತ್ತಿದ್ದ ಮರಗಳು. ಅವು ತನ್ನವೇ ಎಂಬುದರಲ್ಲಿ ಅವನಿಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಮನೆಯಲ್ಲಿ ಒಬ್ಬಳು ಒಂದು ತುತ್ತು ಕೇಳಿದ್ದಾಳೆ, ಮತ್ತು ಮುಂದಿನ ಬೇಟೆಗಾಲಕ್ಕೆ ಅವಳಿರುತ್ತಾಳೋ ಇಲ್ಲವೋ ಎಂದು ಯೋಚಿಸಲು ಅವನಿಗೆ ಹೆದರಿಕೆ. ಅವನು ಬೇಲಿಯ ತಂತಿ ಹಿಡಿದುಕೊಂಡ.

"ಡ್ವೈಟ್, ನಿನ್ ಜಾಗಕ್ಕೆ ಬರೋಕೆ ಅಪ್ಪಣೆ ಕೊಡು."

ಡ್ವೈಟ್ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ. "ಕೇಳಿಸ್ಲಿಲ್ಲ."

ಮರ್ಲ್ ಇನ್ನೂ ಜೋರಾಗಿ ಹೇಳಿದ. ಡ್ವೈಟ್ ಅಂಗೈ ತೆಗೆಯಲಿಲ್ಲ.

"ಜಾಗ ನಿಂದೇ ಕಣೋ!" ಮರ್ಲ್ ಕಣಿವೆಗೆಲ್ಲ ಕೇಳುವಂತೆ ಅರಚಿದ. "ಮರಾನೂ ನಿಂದೇ, ಎಲ್ಲಾ ನಿಂದೇ! ಲೊರೇನ್ ಏನೂ ತಿಂತಿಲ್ಲ ಡ್ವೈಟ್. ಜಿಂಕೆ ಒಂದೇ ಅವಳು ಕೇಳಿರೋದು. ಎತ್ಕೊಂಡು ಹೋಗ್ತೀನಿ, ಬಿಡು!"

ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು. ಡ್ವೈಟ್‌ನ ಅಂಗೈ ಕೆಳಗಿಳಿಯಿತು. ಅವನು ಕುರ್ಚಿಯಿಂದ ಎದ್ದ.

ಜಿಂಕೆಯೂ ಎದ್ದಿತು. ಬಾಯಲ್ಲಿದ್ದ ಮೆಲುಕನ್ನು ನುಂಗಿ, ಇಂಥ ಗಲಾಟೆಯ ಜಾಗದಲ್ಲಿ ಮಲಗಿದ್ದೇ ತಪ್ಪು ಎಂಬ ಹಾಗೆ ಇವರನ್ನೊಮ್ಮೆ ನೋಡಿ, ಬೇಲಿ ಹಾರಿ ಮರ್ಲ್‌ನದೇ ಕಾಡಿಗೆ ಬಂತು. ಅವನ ಅಟ್ಟಣಿಗೆಯ ಕೆಳಗೇ ಹಾದು, ಕುಂಟದೆ, ಅವಸರಪಡದೆ ಗುಡ್ಡ ಹತ್ತಿತು. ಅಡ್ಡಬಿಲ್ಲು ಬೆಳಗಿನಿಂದ ಖಾಲಿಯಾಗಿ ಮರಕ್ಕೆ ಒರಗಿತ್ತು. ಮರ್ಲ್ ಬಿಲ್ಲು ಹೂಡುವ ಹಗ್ಗ ಹುಡುಕುವಷ್ಟರಲ್ಲಿ ಸೂರ್ಯ ಮುಳುಗಿದ. ಅಲ್ಲಿಗೆ ಬೇಟೆಗಾಲವೂ ಮುಗಿಯಿತು.

ಕ್ಲೈಡ್ ಬೇಲಿಯ ಕಂಬದ ಬುಡದಲ್ಲಿ ಹಿಮದೊಳಗೆ ಹೂತುಹೋಗಿದ್ದ ಬಾಣವನ್ನು ಕಿತ್ತು, ಅದಕ್ಕೆ ಅಂಟಿದ್ದ ನಾಲ್ಕು ಬಿಳಿ ಕೂದಲನ್ನು ಉಳಿದಿದ್ದ ಬೆಳಕಿಗೆ ಹಿಡಿದ. "ಹೊಟ್ಟೆ ಕೆಳಗೆ ಬೋಳಿಸಿದೀಯ, ಅಷ್ಟೇ. ಇಷ್ಟು ನುಣ್ಣಗೆ ನನ್ ಕೈಲೂ ಆಗಲ್ಲ."

"ಮತ್ತೆ ಇಡೀ ದಿನ ಬಿದ್ದಿತ್ತಲ್ಲ?" ಬರ್ನಿಸ್ ಕೇಳಿದಳು.

"ಹಗಲು ಹೊತ್ತು ಜಿಂಕೆ ಮಲಗತ್ತೆ. ಮಲಗಿತ್ತು."

"ಇದನ್ನ ಬೆಳಿಗ್ಗೇನೇ ಹೇಳೋಕಾಗ್ತಿರ್ಲಿಲ್ವಾ?"

"ಕಾಯಿ ಅಂತ ಹೇಳಿದ್ನಲ್ಲ," ಅಂದ ಕ್ಲೈಡ್.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮರ್ಲ್ ತಲೆ ತಗ್ಗಿಸಿ ಮನೆಗೆ ಬಂದ. ಆದರೆ ಅವನ ಅರಚಾಟ ಅವನಿಗಿಂತ ಮೊದಲೇ ಊರು ಸೇರಿತ್ತು. ಅಂಗಿ ಬದಲಿಸುವಷ್ಟರಲ್ಲಿ ಕ್ಲೈಡ್‌ನ ಹೆಂಡತಿ ತಂದಿಟ್ಟ ಜಿಂಕೆ ಮಾಂಸ ಜಗಲಿಯಲ್ಲಿತ್ತು. ಬರ್ನಿಸ್ ಒಂದು ಚೀಲ ತಂದಳು. ಚರ್ಚಿನವರು ಒಂದು ಪೆಟ್ಟಿಗೆಯನ್ನೇ ಕಳಿಸಿದರು. ಕಡೆಗೆ ಡ್ವೈಟ್ ಬಂದ. ವರ್ಷಗಳ ಮೇಲೆ ತಮ್ಮನ ಮೆಟ್ಟಿಲ ಮೇಲೆ ನಿಂತು, ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣ ಚಾಚಿದ.

"ಬೆನ್ನಿನ ಮಾಂಸ. ಮೆತ್ತಗಿರತ್ತೆ. ಅವಳಿಗೆ ಇಷ್ಟೊಂದು ಹುಷಾರಿಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ಲ."

ಮರ್ಲ್ ಪೊಟ್ಟಣ ಇಸಿದುಕೊಂಡ. "ಡ್ವೈಟ್, ಆ ಜಾಗದ ವಿಷಯ..."

"ಅದೇನು, ನೀನೇ ಕೂಗಿ ಹೇಳಿದೀಯಲ್ಲ," ಎಂದು ಡ್ವೈಟ್ ಅವನ ಭುಜ ತಟ್ಟಿ ಹೊರಟುಹೋದ.

ಹೋಗಲಿ ಜಾಗ ಎಂದು ಮರ್ಲ್ ಬಾಣಲೆಯಲ್ಲಿ ಬೆಣ್ಣೆ ಹಾಕಿದ, ಈರುಳ್ಳಿ ಹಾಕಿದ, ಮಾಂಸ ಹಾಕಿದ. ಮನೆಯೆಲ್ಲ ಘಮ್ಮೆಂದಿತು. ತಟ್ಟೆ ಹಿಡಿದು ಕೋಣೆಗೆ ಹೋದರೆ ಲೊರೇನ್ ಹೊದಿಕೆಯನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ತೆಗಿ ಮರ್ಲ್. ಆ ವಾಸನೆ ನಂಗೆ ಚಿಕ್ಕಂದಿನಿಂದ ಆಗಲ್ಲ."

"ನೀನೇ ಕೇಳಿದ್ದಲ್ವಾ?"

ಲೊರೇನ್ ಗೋಡೆಯ ಕಡೆ ಹೊರಳಿದಳು. "ಕೇಳಿದೆ. ನೀನು ಹೊಡೆಯಲ್ಲ ಅಂತ ಗೊತ್ತಿತ್ತು, ಅದಕ್ಕೇ ಕೇಳಿದೆ. ನೀನು ದಿನಾ ಹೊರಗಿರ್ತೀಯ ಅಂತ."

ಮರ್ಲ್ ತಟ್ಟೆಯನ್ನು ಬೆನ್ನ ಹಿಂದಕ್ಕೆ ಹಿಡಿದ.

"ನಾನು ಬಾಯಿಗೆ ಏನಿಟ್ರೂ ನೀನು ಉಸಿರು ಹಿಡ್ಕೊಂಡು ನೋಡ್ತಾ ಕೂರ್ತೀಯ. ಜಿಂಕೆ ಕಾಯೋ ಥರ. ಹಾಗೆ ಕೂತೋನ ಎದುರಿಗೆ ಯಾವ ಜಿಂಕೆ ಮೇಯತ್ತೆ ಹೇಳು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನಿಲ್ದಾಗ ಅಷ್ಟೋ ಇಷ್ಟೋ ಇಳೀತಿತ್ತು. ನಾಳೆಯಿಂದ ಏನ್ ಮಾಡ್ಲಿ ಅಂತ ಮಲ್ಕೊಂಡು ಅದೇ ಯೋಚಿಸ್ತಿದ್ದೆ."

ಮರ್ಲ್‌ಗೆ ಸಿಟ್ಟು ಬರಲಿಲ್ಲ, ನಗುವೂ ಬರಲಿಲ್ಲ. ಮಾಂಸವನ್ನು ಅಡುಗೆಮನೆಗೆ ಒಯ್ದು ಮುಚ್ಚಿಟ್ಟ. ಕಿಟಕಿ ತೆರೆದು ವಾಸನೆ ಹೋಗುವ ತನಕ ಬೀಸಿದ. ಬೇಯಿಸಿದ ಸೇಬು ಒಂದು ಬಟ್ಟಲಲ್ಲಿ ಹಾಕಿ, ಚಮಚ ಇಟ್ಟು, ಅವಳ ಪಕ್ಕದಲ್ಲಿರಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಚಳಿ ಬೆನ್ನುಮೂಳೆಗೆ ಇಳಿಯುತ್ತಿತ್ತು. ಬಾಗಿಲಿಗೆ ಬೆನ್ನು ಮಾಡಿ, ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಶುರುಮಾಡಿದ.

ತುಂಬ ಹೊತ್ತಿನ ಮೇಲೆ ಒಳಗಿನಿಂದ ಬಟ್ಟಲಿಗೆ ಚಮಚ ತಾಗಿದ ಸದ್ದು ಬಂತು. ಒಂದು ಸಲ. ಆಮೇಲೆ ಇನ್ನೊಂದು ಸಲ. ಮರ್ಲ್‌ಗೆ ತಡೆಯಲಾಗಲಿಲ್ಲ. ಮೆಲ್ಲಗೆ, ಒಂದಿಷ್ಟೂ ಸದ್ದಾಗದ ಹಾಗೆ, ಕತ್ತು ತಿರುಗಿಸಿ ಅವಳ ಕೋಣೆಯ ಕಿಟಕಿಯತ್ತ ನೋಡಿದ.

ಚಮಚ ನಿಂತಿತು.