ಪಾಠ ಮುಗಿಸಿದ ಕತ್ತೆ

ಪ್ರಾಣಿಗಳ ನರರೋಗವು ಇಂಗ್ಲಿಷಿನಲ್ಲಿ ಮಾತ್ರ ವಾಸಿಯಾಗುತ್ತದೆ. ಇದು ಪಶುವೈದ್ಯ ಇಲಾಖೆಯ ಮೇಲಧಿಕಾರಿಗಳು ಹಲವು ಸಭೆ ನಡೆಸಿ, ಅಷ್ಟೇ ಚಹಾ ಕುಡಿದು ಕಂಡುಕೊಂಡ ಸತ್ಯ. ಅದರಂತೆ ಸರ್ಕಾರಿ ಪಶು ಆಸ್ಪತ್ರೆಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು:

"ಸಾರ್ವಜನಿಕರು ತಮ್ಮ ಪ್ರಾಣಿಯ ನರದೋಷವನ್ನು ಅಂಗೀಕೃತ ಇಂಗ್ಲಿಷ್ ಪದದಲ್ಲೇ ನಿವೇದಿಸತಕ್ಕದ್ದು. ಕೈಸನ್ನೆ, ಅಭಿನಯ ಮತ್ತು ಅಳುವನ್ನು ಪರಿಗಣಿಸಲಾಗುವುದಿಲ್ಲ. ಪದ ಬಾರದವರಿಗೆ ಉಚಿತ ತರಗತಿ ಇರುತ್ತದೆ."

ಚಿಕಿತ್ಸೆಯ ಕೋಣೆಯೇ ತರಗತಿಯಾಯಿತು. ಬೆಂಚುಗಳನ್ನು ಔಷಧದ ಬೀರುವಿಗೆ ಒತ್ತಿ ಹಾಕಿದ್ದರಿಂದ ಅದರ ಬಾಗಿಲು ತೆರೆಯುತ್ತಿರಲಿಲ್ಲ. ತೆರೆಯುವ ಪ್ರಮೇಯವೂ ಬರಲಿಲ್ಲ.

ಮೊದಲ ದಿನವೇ ಇಟ್ಟಿಗೆಯಕ್ಕ ಬಂದಳು. ಗೂಡಿನಿಂದ ಕಟ್ಟಡಗಳಿಗೆ ಕತ್ತೆಯ ಮೇಲೆ ಇಟ್ಟಿಗೆ ಸಾಗಿಸುವುದು ಅವಳ ಕಸುಬು. ಕತ್ತೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಕಾಲಿಗೆ ಕಾಲು ತೊಡರಿಸಿಕೊಂಡು ಒಳಗೆ ಬಂತು.

"ಡಾಕ್ಟ್ರೇ, ನಡೆದ್ರೆ ತೂರಾಡುತ್ತೆ, ಗೋಡೆಗೆ ಗುದ್ದಿಕೊಳ್ಳುತ್ತೆ. ಇದು ಬಿದ್ರೆ ಇಟ್ಟಿಗೆಯೆಲ್ಲ ನನ್ನ ತಲೆ ಮೇಲೇ. ಒಂದು ಸೂಜಿ ಹಾಕ್ಬಿಡಿ."

"ಅಮ್ಮಾ, ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯ್ತು. ತೊಂದರೆ ಆಗಿರೋದೇ ಅಲ್ಲಿ. ಅರ್ಥ ಆಗೋ ಹಾಗೆ ಹೇಳಿದ್ದನ್ನ ಒಪ್ಪಿಕೊಳ್ಳೋ ಅಧಿಕಾರ ನನಗಿಲ್ಲ. ಕೂತ್ಕೊಳ್ಳಿ."

ಡಾಕ್ಟರು ಬೆತ್ತದಿಂದ ಕತ್ತೆಯನ್ನು ತೋರಿಸಿದರು. "ನಡಿಗೆಯ ಹಿಡಿತ ತಪ್ಪುವುದಕ್ಕೆ ಅಟ್ಯಾಕ್ಸಿಯಾ ಅನ್ನಬೇಕು. ಎಲ್ಲರೂ ಹೇಳಿ!"

ಬೆಂಚಿನಲ್ಲಿ ಕೂತಿದ್ದ ಪ್ರಾಣಿಗಳ ಒಡೆಯರೆಲ್ಲ ಹೇಳಿದರು. ಕತ್ತೆ ತೂರಾಡಿತು.

ಮರುದಿನ ಇಟ್ಟಿಗೆಯಕ್ಕ ಬಾಗಿಲಲ್ಲೇ ಒದರಿದಳು: "ಅಟ್ಯಾಕ್ಸಿಯಾ! ಈಗ ಹಾಕಿ ಸೂಜಿ."

"ಭೇಷ್! ಆದ್ರೆ ನಿಮ್ಮ ಕತ್ತೆ ಈಗ ಬೋಧನಾ ಸಾಮಗ್ರಿ. ವಾಸಿ ಮಾಡಿದ್ರೆ ಸಾಮಗ್ರಿ ಹಾಳು ಮಾಡಿದ ಹಾಗೆ. ನನ್ನ ಕೆಲಸ ಹೋಗುತ್ತೆ."

"ನನ್ನ ಕತ್ತೆ ಕಣ್ರೀ ಅದು!"

"ಅಕ್ಕಾ, ಓದೋರಿಗೆ ತೊಂದ್ರೆ ಕೊಡ್ಬೇಡ" ಎಂದು ಕಾಂಪೌಂಡರ್ ಅದನ್ನು ಕರಿಹಲಗೆಯ ಕಾಲಿಗೆ ಬಿಗಿದ.

ಪಾಠಗಳು ಕ್ರಮವಾಗಿ ನಡೆದವು. ಬಲ ಕುಂದುವ ಪ್ಯಾರೆಸಿಸ್ ಪಾಠದ ಹೊತ್ತಿಗೆ ಕತ್ತೆಯ ಹಿಂಗಾಲುಗಳು ಕುಸಿದವು. ಸೆಳವಿಗೆ ಸೀಜರ್ ಎಂದು ಹಲಗೆಯ ಮೇಲೆ ಬರೆಯುವಾಗಲೇ ಅದು ಕೊಸರಾಡಿ ಸೆಟೆದುಕೊಂಡಿತು. ಒಂದು ಪಾಠವನ್ನೂ ತಪ್ಪಿಸಿಕೊಳ್ಳದ ವಿದ್ಯಾರ್ಥಿ ಇದೊಂದೇ ಎಂದು ಡಾಕ್ಟರು ಹೆಮ್ಮೆಪಟ್ಟರು. ಇಟ್ಟಿಗೆಯಕ್ಕ ಬೆಳಿಗ್ಗೆ ತಲೆಯ ಮೇಲೆ ಇಟ್ಟಿಗೆ ಹೊತ್ತು, ಸಂಜೆ ಅದೇ ತಲೆಯೊಳಗೆ ಪದ ತುಂಬಿಕೊಂಡಳು. ಪರೀಕ್ಷೆ ಗೆದ್ದವರ ಪ್ರಾಣಿಗೆ ಸೂಜಿ ಎಂದು ಆಶ್ವಾಸನೆ ಸಿಕ್ಕಿತ್ತು.

ಪರೀಕ್ಷೆಗೆ ಮೇಲಧಿಕಾರಿಗಳೇ ಬಂದರು. ನೆಲಕ್ಕೆ ಒರಗಿದ್ದ ಕತ್ತೆಯನ್ನು ಬೂಟಿನಿಂದ ಮುಟ್ಟಿ ಕೇಳಿದರು: "ಇದೇನು?"

"ಪ್ಯಾರಾಲಿಸಿಸ್, ಸಾರ್. ಬೇಗ ಸೂಜಿ..."

ಕತ್ತೆಯ ಹೊಟ್ಟೆ ಒಮ್ಮೆ ಉಬ್ಬಿ ಇಳಿದು, ಮತ್ತೆ ಏಳಲಿಲ್ಲ. ಇಟ್ಟಿಗೆಯಕ್ಕ ಅದರ ಮೂಗಿಗೆ ಕೈ ಹಿಡಿದಳು.

"ಸತ್ತೋಯ್ತು."

"ಇಂಗ್ಲಿಷಿನಲ್ಲಿ?"

ಅವಳು ಕರಿಹಲಗೆಯ ಮೇಲೆ ಆ ಪದ ಹುಡುಕಿದಳು. ಡಾಕ್ಟರು ಶಿಷ್ಯೆಯ ಪರವಾಗಿ ಎದ್ದು ನಿಂತರು. "ಸಾರ್, ಆ ಪದ ಪಠ್ಯದಲ್ಲಿಲ್ಲ."

ಪಠ್ಯದಲ್ಲಿ ಇರಲಿಲ್ಲವಾದ್ದರಿಂದ ಹಾಗೇನೂ ನಡೆದಿಲ್ಲವೆಂದು ತೀರ್ಮಾನವಾಯಿತು. ಈ ಆಸ್ಪತ್ರೆಯಲ್ಲಿ ನರರೋಗದಿಂದ ಒಂದು ಪ್ರಾಣಿಯೂ ಸತ್ತಿಲ್ಲ ಎಂಬ ವರದಿಗೆ ಇಲಾಖೆಯ ಪ್ರಶಸ್ತಿ ಬಂತು. ಇಟ್ಟಿಗೆಯಕ್ಕ ಮೊದಲ ಸ್ಥಾನ ಪಡೆದಳು. ಕತ್ತೆಯನ್ನು ಕರೆತಂದರೆ ಕೂಡಲೇ ಸೂಜಿ ಹಾಕುವುದಾಗಿ ಅವಳಿಗೆ ಪ್ರಮಾಣಪತ್ರ ಕೊಟ್ಟರು.

ಪ್ರಶಸ್ತಿಯ ಜೊತೆಗೆ ಹೊಸ ತರಗತಿಯ ಕಟ್ಟಡವೂ ಮಂಜೂರಾಯಿತು. ಇಟ್ಟಿಗೆ ಹೊರುವ ಕೆಲಸ ಇಟ್ಟಿಗೆಯಕ್ಕನಿಗೇ ಸಿಕ್ಕಿತು. ತಲೆ ತುಂಬ ಹೊರೆ, ಕುತ್ತಿಗೆ ಒಂದು ಕಡೆಗೆ ವಾಲಿ, ಕಾಲಿಗೆ ಕಾಲು ತೊಡರಿ ಅವಳು ಅಂಗಳ ದಾಟುವಾಗ ಡಾಕ್ಟರು ಕಿಟಕಿಯಿಂದ ಬೆತ್ತ ಚಾಚಿದರು. ಎರಡನೇ ತಂಡದವರು ಒಕ್ಕೊರಲಿನಿಂದ ಕೂಗಿದರು: "ಅಟ್ಯಾಕ್ಸಿಯಾ!"

"ಉಚ್ಚಾರ ಸರಿಯಿದೆಯೇನಮ್ಮಾ?" ಎಂದು ಡಾಕ್ಟರು ಹಳೆಯ ವಿದ್ಯಾರ್ಥಿನಿಯನ್ನು ಕೇಳಿದರು.

"ಸರಿಯಿದೆ ಸಾರ್" ಎಂದು ಇಟ್ಟಿಗೆ ಇಳಿಸಿ, ಅವಳು ಮುಂದಿನ ಹೊರೆಗೆ ಹೋದಳು.