ಬೆಟ್ಟದ ಕೋಟೆಯಲ್ಲಿ ಉಳಿದ ಬೂಟು

ದೂರದ ಊರು ನೋಡಿ ಬಂದವನನ್ನು ಆ ಊರಿನ ಬಗ್ಗೆ ಮಾತ್ರ ಕೇಳಬಾರದು. ಅವನಿಗೆ ನೆನಪಿರುವುದು ಅಲ್ಲಿ ಹಸಿವಾದದ್ದು, ಕಾಲು ಉಳುಕಿದ್ದು, ಬಹಿರ್ದೆಸೆಗೆ ಜಾಗ ಸಿಗದೆ ಒದ್ದಾಡಿದ್ದು. ಇಷ್ಟನ್ನೇ ಹೇಳಿದರೆ ಕೇಳುವವರು ಎದ್ದುಹೋಗುತ್ತಾರೆ. ಅದಕ್ಕೇ ಯುದ್ಧದಿಂದ ಮರಳಿದ ಹೊಸದರಲ್ಲಿ ನಾನು ಮದ್ದೂರಿನ ಹೋಟೆಲಿನಲ್ಲಿ ಕೂತು, ಸಿಸಿಲಿ ಎಂಬ ದ್ವೀಪದಲ್ಲಿ ಕಂಡ ಬೆಟ್ಟದ ಮೇಲಿನ ಕೋಟೆಯನ್ನು ದಿನಕ್ಕೊಂದು ಮೊಳ ಎತ್ತರ ಕಟ್ಟುತ್ತಿದ್ದೆ. ಯಾರಾದರೂ “ನಮ್ಮ ಶ್ರೀರಂಗಪಟ್ಣದ ಕೋಟೆಗಿಂತ ದೊಡ್ಡದಾ?” ಎಂದು ಕಣ್ಣು ಕಿರಿದು ಮಾಡಿ ಕೇಳಿದರೆ ಮಾತ್ರ “ಛೆ, ಅಷ್ಟಿಲ್ಲ” ಎನ್ನುತ್ತಿದ್ದೆ. ಇಲ್ಲೇ ಬಾಳಬೇಕಾದವನು ಶ್ರೀರಂಗಪಟ್ಟಣವನ್ನು ಎದುರು ಹಾಕಿಕೊಳ್ಳಬಾರದು. ಆದರೆ ಆ ಕೋಟೆಯಲ್ಲಿ ನಾನು ಬರಿಗಾಲಿನಲ್ಲಿ ಅಲೆದ ಸಂಗತಿಯನ್ನು ಹೋಟೆಲಿನಲ್ಲಿ ಎಂದೂ ಹೇಳಲಿಲ್ಲ. ಈಗ ಮದುವೆಯಾಗಿದೆ, ಮಾನ ಹೋಗುವುದಕ್ಕೆ ಹೆಚ್ಚೇನೂ ಉಳಿದಿಲ್ಲ, ಹೇಳುತ್ತೇನೆ.

ನಾನಾಗ ಸೈನ್ಯದ ಒಂದು ಲಾರಿ ಪಡೆಯಲ್ಲಿ ಗುಮಾಸ್ತ. ಯುದ್ಧ ಆ ದ್ವೀಪವನ್ನು ದಾಟಿ ಮುಂದಕ್ಕೆ ಹೋಗಿತ್ತು. ಕೆಟ್ಟ ಲಾರಿಗಳೂ ಅವುಗಳ ಲೆಕ್ಕ ಬರೆಯುವ ನಾನೂ ಹಿಂದೆ ಉಳಿದಿದ್ದೆವು. ಲಾರಿಗಳಿಗೆ ಜೀವ ಕೊಡುತ್ತಿದ್ದವನು ಮಳವಳ್ಳಿಯ ರಸೂಲ್. ನಾನು ಮದ್ದೂರಿನ ಕಡೆಯ ಕೊಪ್ಪದವನು ಎಂದು ತಿಳಿದ ದಿನದಿಂದ ಅವನು ನನ್ನನ್ನು ‘ಲೇ’ ಎನ್ನದೆ ಕರೆದದ್ದಿಲ್ಲ. ನಿಡಘಟ್ಟದ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಗಿ, ಊರಿಗೆ ಹೋಗಲು ರಜೆ ಮಂಜೂರಾಗಿತ್ತು. ಸುಬೇದಾರರು ಒಂದೇ ಮಾತು ಹೇಳಿದ್ದರು: ಹೊರಡುವ ಮುಂಚೆ ಸಾಮಾನು ತಪಾಸಣೆ, ಸರ್ಕಾರ ಕೊಟ್ಟ ವಸ್ತು ಒಂದು ಕಡಿಮೆಯಿದ್ದರೂ ರಜೆ ರದ್ದು. ತಪಾಸಣೆಗೆ ಹಿಂದಿನ ದಿನ ಬಿಡುವಿತ್ತು. “ಬಾರ್ಲಾ, ಆ ಬೆಟ್ದೂರ್ ನೋಡ್ಕಂಡ್ ಬರಾನ. ನಾಳೆ ಎಂಡ್ತಿ ಕೇಳುದ್ರೆ ಏನಾರ ಯೋಳಕ್ಕಾಯ್ತದೆ” ಎಂದು ರಸೂಲ್ ಎಬ್ಬಿಸಿದ.

ಬೆಟ್ಟ ಹತ್ತುವುದು ನನಗೆ ರೂಢಿಯಿಲ್ಲ. ನಮ್ಮ ಕೊಪ್ಪದಲ್ಲಿ ಮನುಷ್ಯ ಹತ್ತಬೇಕಾದದ್ದು ಕೆರೆ ಏರಿ ಒಂದನ್ನೇ, ಅದನ್ನೂ ದನಗಳೇ ಹೆಚ್ಚು ಹತ್ತುತ್ತವೆ. ಇಲ್ಲಿ ದಾರಿ ಸುತ್ತಿ ಸುತ್ತಿ ಏರಿ, ಆನೆ ಅಂಬಾರಿ ಸಮೇತ ನುಗ್ಗಬಹುದಾದಂಥ ಬಾಗಿಲಿನ ಮುಂದೆ ನಿಂತಿತು. ಒಳಗಿನ ಓಣಿಗಳೋ, ಎದುರಿಗೆ ಒಂದು ಎಮ್ಮೆ ಬಂದರೆ ನಾವು ಹಿಮ್ಮೆಟ್ಟಬೇಕು, ಅಷ್ಟು ಇಕ್ಕಟ್ಟು. ಈ ಕಡೆಯ ಮನೆಯಿಂದ ಆ ಕಡೆಯ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಕೋಟೆಗೋಡೆಯ ಮೇಲೆ ನಿಂತರೆ ಕೆಳಗೆ ಗೋಧಿ ಹೊಲ, ಆಲಿವ್ ತೋಪು, ಅದರಾಚೆ ಸಮುದ್ರ. ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು. ರಸೂಲ್ ಬಹಳ ಹೊತ್ತು ನೋಡಿ, “ಇಷ್ಟೆತ್ರಕ್ಕೆ ನೀರೆಂಗ್ಲಾ ಒತ್ಕಂಡ್ ಬತ್ತಾರೆ? ಪಾಪ, ಎಂಗಸ್ರು” ಎಂದ.

ಊರ ನಡುವೆ ಒಂದು ಹಳೆಯ ಚರ್ಚು. ಜನ ಕಾಲಲ್ಲಿದ್ದದ್ದನ್ನು ಬಿಚ್ಚದೆಯೇ ಒಳಗೆ ಹೋಗುತ್ತಿದ್ದರು. ನಾನು ಅನುಮಾನಿಸಿದೆ. ರಸೂಲ್ ಆಗಲೇ ಕೂತು ಬೂಟಿನ ಲೇಸು ಎಳೆಯುತ್ತಿದ್ದ. “ದರ್ಗಾ ಆದ್ರೇನು, ಗುಡಿ ಆದ್ರೇನು, ದೇವ್ರು ಮನೆಗೆ ಬೂಟಾಕಂಡ್ ಯಾರ್ಲಾ ಓಯ್ತಾರೆ? ಬುಚ್ಚು.” ಬಿಚ್ಚಿದೆ. ಎರಡು ಜೊತೆ ಬೂಟುಗಳನ್ನು ಮೆಟ್ಟಿಲ ಮೇಲೆ ಒಪ್ಪವಾಗಿ ಜೋಡಿಸಿಟ್ಟು ಒಳಗೆ ಹೋದೆವು. ತಣ್ಣಗಿತ್ತು, ದೀಪ ಉರಿಯುತ್ತಿತ್ತು. ನನ್ನ ಮದುವೆ ಸಾಂಗವಾಗಲಿ ಎಂದು ಆ ದೇವರಿಗೂ ಒಂದು ಮಾತು ಹಾಕಿದೆ. ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಂದು ಪಾರಿವಾಳ ಕೂತಿತ್ತು, ಬೂಟು ಇರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಊರು ಸುತ್ತುವ ಕೆಲಸ. ನಮಗೆ ಅವರ ಭಾಷೆ ಬಾರದು. ಕಂಡವರಿಗೆಲ್ಲ ನಮ್ಮ ಪಾದ ತೋರಿಸಿ, ಕೈ ತಿರುವಿ, ಮುಖ ಬಾಡಿಸಿದೆವು. ಅವರ ಕಡೆ ಬರಿಗಾಲಿನಲ್ಲಿ ಬೆಟ್ಟ ಹತ್ತುವುದು ದೊಡ್ಡ ಹರಕೆಯಂತೆ, ನಮಗೆ ಗೊತ್ತಾದದ್ದು ಆಮೇಲೆ. ಇಷ್ಟು ದೂರದ ಜನ ಹರಕೆ ಹೊತ್ತು ಬಂದಿದ್ದಾರೆಂದು ಅವರು ಕರಗಿಹೋದರು. ಒಬ್ಬಳು ರೊಟ್ಟಿ ತಂದಳು, ಇನ್ನೊಬ್ಬಳು ಒಣ ಅಂಜೂರ ಕೊಟ್ಟಳು. ನಾನು ಇನ್ನಷ್ಟು ಆತುರವಾಗಿ ಪಾದ ತೋರಿಸಿದೆ. ಒಬ್ಬ ಅಜ್ಜಿ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಕಾಲು ತೊಳೆದೇಬಿಟ್ಟಳು. ನಮ್ಮ ಕಡೆ ಧಾರೆಯ ಹೊತ್ತಿಗೆ ಮಾವ ಮಾಡುವ ಕೆಲಸ ಅದು. ನಾಚಿಕೆಯಿಂದ ಸತ್ತೆ, ಆದರೆ ಹಾಯೆನಿಸಿದ್ದೂ ನಿಜ.

ಕೊನೆಗೆ ಚರ್ಚಿನ ಪಾದ್ರಿಯೇ ಓಡುತ್ತ ಬಂದರು. ಅವರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಆ ಊರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಇಟ್ಟದ್ದು ಬಡವರಿಗೆ ಬಿಟ್ಟದ್ದಂತೆ. ಯುದ್ಧ ಶುರುವಾದಾಗಿನಿಂದ ಊರಿಗೆ ಚರ್ಮದ ಬೂಟೇ ಬಂದಿಲ್ಲ, ನೀವು ದೊಡ್ಡವರು ಎಂದು ಇಬ್ಬರನ್ನೂ ತಬ್ಬಿಕೊಂಡರು. ಅವರ ಹಿಂದೆ ಒಬ್ಬ ಕಲ್ಲುಕುಟಿಗ ರಸೂಲನ ಬೂಟಿನಲ್ಲಿ ನಿಂತಿದ್ದ. ಗಂಟೆ ಬಾರಿಸುವ ಮುದುಕ ನನ್ನ ಬೂಟು ಹಾಕಿಕೊಂಡು, ಸದ್ದು ಕೇಳುವುದಕ್ಕೆಂದೇ ಕಲ್ಲುಹಾಸಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದ. ಆವರೆಗೆ ಕಾಲಿಗೆ ಸುತ್ತಿಕೊಂಡಿದ್ದ ಹರಕು ಬಟ್ಟೆ ಅವನ ಕೈಯಲ್ಲೇ ಇತ್ತು.

“ಕೇಳ್ಲಾ, ನಿಂಗೆ ಮದ್ವೆ ಅದೆ” ಎಂದ ರಸೂಲ್ ಮೆಲ್ಲಗೆ.

“ನೀನ್ ಕೇಳ್ಲಾ, ನಿಂಗೆ ಧೈರ್ಯ ಅದೆ” ಎಂದೆ.

ಇಬ್ಬರೂ ಕೇಳಲಿಲ್ಲ. ಅಂಜೂರ ತಿನ್ನುತ್ತ ಬರಿಗಾಲಿನಲ್ಲಿ ಬೆಟ್ಟ ಇಳಿದೆವು. ರಸೂಲ್ ಹೇಗೋ ಡಿಪೋದಲ್ಲಿ ಒಂದು ಹಳೆಯ ಜೊತೆ ಹೊಂದಿಸಿಕೊಂಡ. ನನ್ನ ಅಗಲ ಪಾದಕ್ಕೆ ಯಾವುದೂ ಹಿಡಿಸಲಿಲ್ಲ. ರಜೆ ರದ್ದಾಯಿತು, ಮದುವೆ ಮುಂದಕ್ಕೆ ಹೋಯಿತು. ನನಗಿಂತ ಮೊದಲು ಊರಿಗೆ ಹೋದ ರಸೂಲ್ ನಿಡಘಟ್ಟಕ್ಕೆ ಹೋಗಿ ನಡೆದದ್ದನ್ನು ನಡೆದಂತೆಯೇ ಹೇಳಿ ಬಂದ. ನನ್ನ ಪರವಾಗಿ ಒಂದು ಸುಳ್ಳು ಸೇರಿಸಬಾರದಿತ್ತೇ! ನನ್ನ ಭಾವೀ ಮಾವ ಕೆಂಡವಾದರಂತೆ. “ಎಕ್ಕಡ ಕಾಯ್ಕಳಕ್ಕಾಗ್ದೋನು ನನ್ ಮಗ್ಳುನ್ ಎಂಗ್ ಕಾಯ್ತಾನೆ? ಬ್ಯಾಡ ಬುಡು ಈ ಸಂಬಂಧ” ಎಂದು ಎದ್ದೇಬಿಟ್ಟರಂತೆ. ಆಗ ಒಳಗಿನಿಂದ ಹುಡುಗಿ, “ಅಪ್ಪಾ, ನಂಗೆ ಅವ್ರೇ ಆಗ್ಬೇಕು” ಎಂದಳಂತೆ.

ಆ ಮುದುಕನ ಮೇಲೆ ನಾನು ತೋರಿದ ಕರುಣೆಗೆ ಅವಳು ಮನಸೋತಳೆಂದು ನಾನು ಬಹಳ ಕಾಲ ಬೀಗಿದ್ದೆ. ಮದುವೆಯಾಗಿ ಮಂಡ್ಯದಲ್ಲಿ ಸಂಸಾರ ಹೂಡಿದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. ಅವಳು ತಲೆಯೆತ್ತದೆ, “ಕಾಲಲ್ಲಿದ್ದ ಬೂಟ್ನೇ ವಾಪಸ್ ಕೇಳಕ್ಕಾಗ್ದೋರು, ಎಂಡ್ತಿ ಮ್ಯಾಲೆ ಏನ್ ಜೋರ್ ಮಾಡಾರು ಅಂದ್ಕಂಡೆ ಕಣ್ರಿ” ಎಂದಳು. ಅವಳ ಅಂದಾಜು ತಪ್ಪಲಿಲ್ಲ. ನಾನು ಇದನ್ನು ಬರೆಯುತ್ತಿರುವುದು ಹೊಸ್ತಿಲ ಮೇಲೆ ಕೂತು. ಮನೆಗಿರುವ ಒಂದೇ ಕುರ್ಚಿಯಲ್ಲಿ ಅವಳು ಅವರೆಕಾಯಿ ಬಿಡಿಸುತ್ತಿದ್ದಾಳೆ. ಕುರ್ಚಿ ಕೇಳೋಣವೆಂದು ಬೆಳಗಿನಿಂದ ಎರಡು ಸಲ ಕೆಮ್ಮಿದೆ. ಬಿಸಿನೀರು ಕುಡಿಯಿರಿ ಎಂದಳು.